ಹಳೆಯ ಫೈಬರ್ ಹಾಯಿದೋಣಿಯ ಒಳಗೋಡೆ ಕುಂಬಾದಾಗ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕೃಷ್ಣರಾಜಸಾಗರದ ಹಿನ್ನೀರಿನಲ್ಲೋ ಮಂಗಳೂರು, ಕಾರವಾರದ ಕಡಲಲ್ಲೋ ಹಾಯಿದೋಣಿ ಬಿಡುವ ಆಸೆಯಿಂದ ಹಳೆಯ ದೋಣಿ ಕೊಂಡ ಬೆಂಗಳೂರಿನ ಓದುಗರು ರಿಪೇರಿಯ ಬಗ್ಗೆ ಬರೆದಿದ್ದಾರೆ. ಬಹುತೇಕ ಪತ್ರಗಳು ಬಂದು ನಿಂತಿರುವುದು ಒಂದೇ ಕಡೆ: ಬಲ್ಕ್‌ಹೆಡ್, ಅಂದರೆ ದೋಣಿಯೊಳಗೆ ಅಡ್ಡಲಾಗಿ ನಿಂತಿರುವ ಪ್ಲೈವುಡ್ ಗೋಡೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ 26 ಅಡಿಯ ಹಳೆಯ ದೋಣಿ ಕೊಂಡಿದ್ದೇವೆ, 1970ರ ದಶಕದ ಕೊನೆಯದು. ಈಗ ನೆಲಮಂಗಲದ ಹತ್ತಿರ ಒಂದು ಶೆಡ್‌ನಲ್ಲಿದೆ. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಡೆಕ್‌ನ (ದೋಣಿಯ ಮೇಲುಹಾಸಿನ) ಮೇಲೇ ಕೂರುತ್ತದೆ. ಅದರ ಕೆಳಗಿನ ಬಲ್ಕ್‌ಹೆಡ್‌ನ ಎಡಬದಿ ಕಪ್ಪಾಗಿದೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯುತ್ತದೆ. ಮಾಸ್ಟ್‌ನ ತಂತಿ ಬಿಗಿ ಮಾಡಿದರೆ ಟಾಯ್ಲೆಟ್ ಬಾಗಿಲು ಮುಚ್ಚುವುದಿಲ್ಲ ಎಂದು ಮಾರಿದವರೇ ಹೇಳಿದ್ದರು. ಕುಂಬಾದ ಕಡೆ ತೂತು ಹೊಡೆದು ಎಪಾಕ್ಸಿ (ಹಾರ್ಡ್‌ನರ್ ಬೆರೆಸಿದರೆ ಗಟ್ಟಿಯಾಗುವ ಅಂಟು ರೆಸಿನ್) ಸುರಿದರೆ ಸಾಲದೆ?
— ಬಸವನಗುಡಿಯ ಓದುಗರು

ಉತ್ತರ: ಸಾಲದು. ಆ ಬಾಗಿಲೇ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟಿದೆ. ಡೆಕ್ ಮೇಲೆ ನಿಂತ ಮಾಸ್ಟ್ ತನ್ನ ಭಾರವನ್ನೆಲ್ಲ ಕೆಳಗಿನ ಕಂಬ ಮತ್ತು ಬಲ್ಕ್‌ಹೆಡ್ ಮೇಲೆ ಹಾಕುತ್ತದೆ. ಮಾಸ್ಟನ್ನು ಎಡಬಲಕ್ಕೆ ಹಿಡಿದಿರುವ ಶ್ರೌಡ್ ತಂತಿಗಳು ಚೈನ್‌ಪ್ಲೇಟ್ ಎಂಬ ಸ್ಟೀಲ್ ಪಟ್ಟಿಯ ಮೂಲಕ ಅದೇ ಬಲ್ಕ್‌ಹೆಡ್ಡನ್ನು ಮೇಲಕ್ಕೆ ಎಳೆಯುತ್ತವೆ. ನಡುವೆ ಒತ್ತು, ಎರಡೂ ಅಂಚಿನಲ್ಲಿ ಎಳೆತ. ಗಾಳಿ ಇಲ್ಲದಾಗಲೂ ಇದು ನೂರಾರು ಕಿಲೋ. ದೋಣಿಯ ಒಡಲು ಮಡಚಿಕೊಳ್ಳದಂತೆ ತಡೆದಿರುವುದು ಆ ಗೋಡೆ. ಅದು ಮೆತ್ತಗಾದರೆ ಡೆಕ್ ಕೆಲವು ಮಿಲಿಮೀಟರ್ ಕುಸಿಯುತ್ತದೆ, ಬಾಗಿಲಿನ ಚೌಕಟ್ಟು ಓರೆಯಾಗುತ್ತದೆ, ಬಾಗಿಲು ಹಿಡಿಯುತ್ತದೆ. ಈ ಸ್ಥಿತಿಯಲ್ಲಿ ದೋಣಿಯನ್ನು ನೀರಿಗೆ ಇಳಿಸಬೇಡಿ. ಜೋರು ಗಾಳಿಯಲ್ಲಿ ಚೈನ್‌ಪ್ಲೇಟ್ ಕಿತ್ತು ಬಂದರೆ ಮಾಸ್ಟ್ ದೋಣಿಯಲ್ಲಿರುವವರ ಮೇಲೇ ಬೀಳಬಹುದು.

ಎಪಾಕ್ಸಿ ಸುರಿಯುವುದು ಯಾಕೆ ಕೆಲಸ ಮಾಡುವುದಿಲ್ಲವೆಂದರೆ, ಪ್ಲೈವುಡ್‌ಗೆ ಶಕ್ತಿ ಬರುವುದು ಉದ್ದಕ್ಕೂ ಹರಿದ ಮರದ ನಾರಿನಿಂದ. ಕುಂಬಾದ ಮೇಲೆ ಆ ನಾರೇ ತುಂಡಾಗಿರುತ್ತದೆ. ಒದ್ದೆ ಮರದೊಳಕ್ಕೆ ರೆಸಿನ್ ಇಳಿಯುವುದೂ ಇಲ್ಲ. ತೂತಿನ ಸುತ್ತ ಗಟ್ಟಿ ಗಡ್ಡೆಗಳಾಗಿ ನಿಲ್ಲುತ್ತದೆ, ನಡುವೆ ಒದ್ದೆ ಪುಡಿ ಹಾಗೇ ಉಳಿಯುತ್ತದೆ. ಕಪಾಟಿನ ಬಾಗಿಲಿಗೆ ಆ ಉಪಾಯ ನಡೆದೀತು, ಭಾರ ಹೊರುವ ಗೋಡೆಗೆ ನಡೆಯದು.

ಎಷ್ಟು ಹಾಳಾಗಿದೆ ಎಂದು ಮೊದಲು ಗುರುತಿಸಿ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಮೇಲಿನಿಂದ ಕೆಳಗೆ ತಟ್ಟುತ್ತ ಬನ್ನಿ. ಗಟ್ಟಿ ಮರ ಚುರುಕಾದ ಸದ್ದು ಕೊಡುತ್ತದೆ, ಕುಂಬಾದದ್ದು ದಬ್ ಎನ್ನುತ್ತದೆ. ಸಂಶಯ ಬಂದಲ್ಲಿ ಎರಡೆರಡು ಇಂಚಿಗೆ ದಬ್ಬಣ ಚುಚ್ಚಿ ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದೆರಡು ಹಳೆಯ ಸ್ಕ್ರೂ ಬಿಚ್ಚಿ: ಸ್ಕ್ರೂವಿನ ಸುರುಳಿಗೆ ಕಪ್ಪು ಒದ್ದೆ ಪುಡಿ ಅಂಟಿ ಬಂದರೆ ಅಲ್ಲಿ ನೀರು ನಿಂತಿದೆ. ಬಲ್ಕ್‌ಹೆಡ್ಡನ್ನು ಒಡಲಿಗೆ ಬೆಸೆದಿರುವ ಫೈಬರ್ ಪಟ್ಟಿಯ (ರೆಸಿನ್ ಕುಡಿಸಿದ ಗಾಜಿನ ಎಳೆಯ ಬಟ್ಟೆಯ) ಅಂಚಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ. ಸಲೀಸಾಗಿ ಒಳಗೆ ಹೋದರೆ ಪಟ್ಟಿ ಮರವನ್ನು ಬಿಟ್ಟಿದೆ ಎಂದರ್ಥ. ಆ ಕಾಲದ ದೋಣಿಗಳಲ್ಲಿ ಇದು ಮಾಮೂಲು. ಎಣ್ಣೆಯಂಶವಿರುವ ತೇಗದ ವೆನೀರ್ ಮೇಲೋ ಸನ್‌ಮೈಕಾ ಮೇಲೋ ನೇರವಾಗಿ ಪಾಲಿಯೆಸ್ಟರ್ ರೆಸಿನ್ ಹಚ್ಚಿ ಮುಗಿಸಿದ ಕಡೆ ಅದು ಎಂದೂ ಸರಿಯಾಗಿ ಕಚ್ಚಿರುವುದಿಲ್ಲ.

ತಳದಲ್ಲಿ ಮಾತ್ರ ನಾಲ್ಕಾರು ಇಂಚು ಹಾಳಾಗಿದ್ದು ಚೈನ್‌ಪ್ಲೇಟ್‌ನಿಂದ ದೂರವಿದ್ದರೆ ಅಷ್ಟನ್ನೇ ಕತ್ತರಿಸಿ ಓರೆ ಜೋಡಣೆಯಲ್ಲಿ ಹೊಸ ತುಂಡು ಸೇರಿಸಬಹುದು. ನಿಮ್ಮ ದೋಣಿಯಲ್ಲಿ ಕಪ್ಪು ಗೆರೆ ಚೈನ್‌ಪ್ಲೇಟ್‌ನಿಂದಲೇ ಇಳಿದಿದ್ದರೆ ಎಡಭಾಗ ಪೂರ್ತಿ ಹೊಸದು ಹಾಕಿ, ಬಲಭಾಗವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿ. ಮಾಸ್ಟ್ ಕೆಳಗಿನ ಕಂಬದ ಬುಡವನ್ನು ಮರೆಯಬೇಡಿ, ನೀರು ಕೊನೆಗೆ ನಿಲ್ಲುವುದು ಅಲ್ಲೇ. ಇನ್ನೊಂದು ಮಾತು: ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರಿಗಿಂತ ಸಿಹಿನೀರು ಹಿತ. ಡೆಕ್ ಸೋರುವ ದೋಣಿಯನ್ನು ಬೆಂಗಳೂರಿನ ಮಳೆಗೆ ಬಯಲಿನಲ್ಲಿ ನಿಲ್ಲಿಸಿದರೆ ಕಡಲಲ್ಲಿದ್ದಾಗಿಗಿಂತ ಬೇಗ ಕುಂಬಾಗುತ್ತದೆ. ಟಾರ್ಪಾಲನ್ನು ಡೆಕ್‌ಗೆ ತಾಗದಂತೆ ಚಪ್ಪರದ ಹಾಗೆ ಎತ್ತರಿಸಿ ಕಟ್ಟಿ, ಗಾಳಿ ಆಡಲಿ.

ಪ್ರಶ್ನೆ: ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ವಿಚಾರಿಸಿದರೆ ಒಬ್ಬರು ‘ವಾಟರ್‌ಪ್ರೂಫ್’ ಪ್ಲೈ ತೋರಿಸುತ್ತಾರೆ, ಇನ್ನೊಬ್ಬರು ‘ಮರೈನ್’ ಎನ್ನುತ್ತಾರೆ, ಮತ್ತೊಬ್ಬರು ಪ್ಲೈ ಯಾಕೆ, ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬೋರ್ಡ್ ಹಾಕಿ, ಜನ್ಮದಲ್ಲಿ ಕೊಳೆಯಲ್ಲ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ರಾಜಾಜಿನಗರದ ಓದುಗರು

ಉತ್ತರ: ಬಾಯಿಮಾತು ಬಿಟ್ಟು ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ 303 ಎಂದಿದ್ದರೆ ಅದು ಮನೆಯ ಪೀಠೋಪಕರಣದ ಪ್ಲೈ. ನಿಮಗೆ ಬೇಕಾದದ್ದು ಐಎಸ್ 710, ಐಎಸ್‌ಐ ಗುರುತು ಮತ್ತು ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಸಮೇತ. ಇದರ ಅಂಟು ಫೀನಾಲ್ ಜಾತಿಯದು, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬುದು ಪರೀಕ್ಷೆ. ಹೊರದೇಶದ ದೋಣಿ ಕಟ್ಟುವವರು ಕೇಳುವ ಬಿಎಸ್ 1088 ಒಳಪದರಗಳ ಸಂದುಗಳ ವಿಷಯದಲ್ಲಿ ಇನ್ನೂ ಬಿಗಿ. ಆದ್ದರಿಂದ ಐಎಸ್ 710 ಕೊಳ್ಳುವಾಗ ಆ ಬಿಗಿಯನ್ನು ನೀವೇ ತರಬೇಕು. ನಾಲ್ಕೂ ಅಂಚನ್ನು ಟಾರ್ಚ್ ಹಿಡಿದು ನೋಡಿ. ಒಳಪದರಗಳ ನಡುವೆ ಕಿಂಡಿ, ಮೇಣ ತುಂಬಿದ ಜಾಗ, ಒಂದರ ಮೇಲೊಂದು ಏರಿದ ಪದರ ಕಂಡರೆ ಆ ಹಾಳೆ ಬೇಡ. ಅಂಗಡಿಯವರಿಂದ ಅಂಗೈಯಗಲದ ತುಂಡು ಕೇಳಿ ತಂದು ಒಂದು ಹಗಲು ಕುದಿಸಿ, ಒಣಗಿಸಿ, ಉಳಿಯಿಂದ ಪದರ ಬಿಡಿಸಿ. ಅಂಟಿನ ಗೆರೆಯಲ್ಲಿ ನುಣ್ಣಗೆ ಬಿಟ್ಟುಕೊಂಡರೆ ಅಂಟು ಸೋತಿದೆ, ಮರದ ನಾರು ಹರಿದು ಬಂದರೆ ಅಂಟು ಗಟ್ಟಿಯಿದೆ.

ಮುಖದ ವೆನೀರ್ ಸಾಮಾನ್ಯವಾಗಿ ಗರ್ಜನ್ ಇರುತ್ತದೆ. ಗರ್ಜನ್ ಮರದಲ್ಲಿ ರಾಳವಿದೆ. ಹಾಗಾಗಿ ಫೈಬರ್ ಕೂರುವ ಕಡೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ, 60ರ ಎಮರಿ ಪೇಪರ್ ಹಾಕಿ ಉಜ್ಜಿ, ಅದೇ ದಿನ ಎಪಾಕ್ಸಿ ಹಚ್ಚಿ.

ಡಬ್ಲ್ಯುಪಿಸಿ, ಪಿವಿಸಿ ಬೋರ್ಡ್ ಬೇಡವೇ ಬೇಡ. ಕೊಳೆಯುವುದಿಲ್ಲ ಎಂಬುದು ನಿಜ. ಆದರೆ ಪ್ಲೈವುಡ್‌ನ ಬಿಗುವು ಅದಕ್ಕಿಲ್ಲ, ನಿರಂತರ ಭಾರಕ್ಕೆ ನಿಧಾನವಾಗಿ ಬಾಗುತ್ತದೆ, ಎಪಾಕ್ಸಿ ಅದರ ಮೇಲೆ ನೆಚ್ಚುವ ಹಾಗೆ ಹಿಡಿಯುವುದಿಲ್ಲ.

ಪ್ರಶ್ನೆ: ಹಳೆಯ ಬಲ್ಕ್‌ಹೆಡ್ ತೆಗೆದರೆ ದೋಣಿಯ ಆಕಾರ ಕೆಡುವುದಿಲ್ಲವೆ? ಅಳತೆ ಹೇಗೆ ತೆಗೆಯುವುದು? ಬಡಗಿಯವರು ಹಳೆಯದನ್ನೇ ಇಟ್ಟು ಗೀಚಿಕೊಂಡರಾಯಿತು ಎನ್ನುತ್ತಿದ್ದಾರೆ.
— ಯಲಹಂಕದ ಓದುಗರು

ಉತ್ತರ: ಎಚ್ಚರ ತಪ್ಪಿದರೆ ಖಂಡಿತ ಕೆಡುತ್ತದೆ. ಮಾಸ್ಟ್ ಇಳಿಸಿರಬೇಕು. ದೋಣಿಯ ತೂಕ ಕೀಲ್ (ತಳದ ಬೆನ್ನೆಲುಬು) ಮೇಲೆ ಕೂತಿರಬೇಕು, ಪಕ್ಕದ ಜಾಕ್‌ಗಳು ಬೀಳದಂತೆ ಹಿಡಿಯಲು ಮಾತ್ರ. ನೀವು ತೆಗೆಯಲಿರುವ ಬಲ್ಕ್‌ಹೆಡ್‌ನ ನೇರಕ್ಕೇ ಹೊರಗೆ ಜಾಕ್ ಪ್ಯಾಡ್ ಇದ್ದರೆ ಮೊದಲೇ ಅದನ್ನು ಸರಿಸಿ, ಉಳಿಯಲಿರುವ ಬಲ್ಕ್‌ಹೆಡ್‌ನ ನೇರಕ್ಕೆ ತನ್ನಿ. ಒಳಗಿನ ಗೋಡೆ ಹೋದ ಕ್ಷಣ ಆ ಪ್ಯಾಡ್ ಒಡಲನ್ನು ಒಳಕ್ಕೆ ಒತ್ತುತ್ತದೆ, ಹೊಸ ಗೋಡೆ ಆ ಒತ್ತಿದ ಆಕಾರಕ್ಕೇ ಬೆಸೆದುಹೋಗುತ್ತದೆ. ಬಲ್ಕ್‌ಹೆಡ್‌ನ ಹಿಂದೆ ಮುಂದೆ ಒಂದೊಂದು 3×2 ಇಂಚಿನ ರೀಪರ್ ಅಡ್ಡಲಾಗಿ ಕೊಡಿ, ತುದಿಗಳಿಗೆ ಅಗಲವಾದ ಪ್ಲೈ ತುಂಡು ಇರಲಿ. ಡೆಕ್ ಕೆಳಗೆ ಒಂದು ಊರುಗೋಲು ನಿಲ್ಲಿಸಿ. ಒಂದು ಸಲಕ್ಕೆ ಒಂದೇ ಬಲ್ಕ್‌ಹೆಡ್. ಅದು ಬೆಸೆದು ಗಟ್ಟಿಯಾದ ಮೇಲೆ ಮುಂದಿನದು.

ಕತ್ತರಿಸುವ ಮೊದಲು ಮಾರ್ಕರ್‌ನಲ್ಲಿ ಬಲ್ಕ್‌ಹೆಡ್‌ನ ಮುಂಭಾಗದ ಗೆರೆಯನ್ನು ಒಡಲಿನ ಮೇಲೆ ಎಳೆಯಿರಿ. ಆ ಗೆರೆಯಿಂದ ಹಿಂದಿನ ಮೆಟ್ಟಿಲ ಚೌಕಟ್ಟಿಗೆ ಎಡದಲ್ಲಿ, ಬಲದಲ್ಲಿ, ಮೇಲೆ, ಕೆಳಗೆ ದೂರ ಅಳೆದು ಬರೆದಿಡಿ. ಒಡಲಿನ ಅಗಲ, ಎರಡು ಮೂಲೆ ಅಳತೆ, ಚೈನ್‌ಪ್ಲೇಟ್ ತೂತುಗಳ ಜಾಗ, ಫೋಟೋ, ಎಲ್ಲ ಇರಲಿ. ತೂಗುಗುಂಡು, ರಸಮಟ್ಟ ನಂಬಬೇಡಿ. ಶೆಡ್‌ನಲ್ಲಿ ದೋಣಿ ಮಟ್ಟವಾಗಿ ನಿಂತಿರುವುದೇ ಅಪರೂಪ.

ಬಡಗಿಯವರ ಮಾತು ಅರ್ಧ ಸರಿ. ಹಳೆಯ ಹಲಗೆ ಇಡಿಯಾಗಿ ಬಂದರೆ ಅಂದಾಜಿಗೆ ಆಗುತ್ತದೆ. ಆದರೆ ಕುಂಬಾದ ಕಡೆ ಅಂಚೇ ಇರುವುದಿಲ್ಲ, ಹೊಸ ಗೋಡೆಗೆ ಸುತ್ತ ಬಿಡಬೇಕಾದ ಸಂದೂ ಬೇರೆ. ಭದ್ರವಾದ ದಾರಿ ಎಂದರೆ 4 ಎಂಎಂ ಪ್ಲೈನಿಂದ ಎರಡಿಂಚು ಅಗಲದ ಪಟ್ಟಿಗಳನ್ನು ಸೀಳಿ, ಒಡಲಿನ ಬಾಗಿಗೆ ಹೊಂದಿಸುತ್ತ ತುಂಡು ತುಂಡಾಗಿ ಗ್ಲೂ ಗನ್‌ನಿಂದ ಅಂಟಿಸುತ್ತ ಹೋಗುವುದು. ನಡುವೆ ಓರೆ ಪಟ್ಟಿ ಕೊಟ್ಟರೆ ಚೌಕಟ್ಟು ಅಲುಗದು. ಪೂರ್ತಿ ಆಕಾರ ಸಿಕ್ಕ ಮೇಲೆ ಬಿಚ್ಚಿ ತಂದು ಹೊಸ ಪ್ಲೈ ಮೇಲೆ ಇಟ್ಟು, ಒಡಲಿನ ಕಡೆ ಸುತ್ತ 8 ಎಂಎಂ ಒಳಗೆ ಗೆರೆ ಎಳೆಯಿರಿ. ಮೂತಿಯ ಕಡೆಗಿನ ಬಲ್ಕ್‌ಹೆಡ್‌ಗಳಲ್ಲಿ ಒಡಲು ಓರೆಯಾಗಿ ಸೇರುವುದರಿಂದ ಅಂಚಿಗೂ ಅದೇ ಓರೆ ಕೊಡಬೇಕು.

ತೆಗೆಯುವಾಗ ಗ್ರೈಂಡರನ್ನು ಒಡಲಿಗೆ ತಾಗಿಸಲೇಬೇಡಿ. ಹಳೆಯ ಫೈಬರ್ ಪಟ್ಟಿಯನ್ನು ಒಡಲಿನಿಂದ ಅರ್ಧ ಇಂಚು ಆಚೆ, ಮರದ ಮೇಲೇ ಕತ್ತರಿಸಿ. ಮಲ್ಟಿಟೂಲ್ ಇದ್ದರೆ ಅದೇ ಒಳ್ಳೆಯದು, ಗ್ರೈಂಡರ್‌ಗಿಂತ ಧೂಳು ಕಡಿಮೆ. ಒಂದು ಬದಿಯ ಪಟ್ಟಿ ಒಡಲಿಗೆ ಬಿಗಿಯಾಗಿ ಕಚ್ಚಿದ್ದರೆ ಅದನ್ನು ಉಳಿಸಿಕೊಳ್ಳಬಹುದು. ಹೊಸ ಗೋಡೆ ಕೂರಬೇಕಾದ ಜಾಗವನ್ನು ಅದೇ ಹೇಳುತ್ತದೆ. ಅಲುಗಿದರೆ ಎರಡೂ ಬದಿ ತೆಗೆಯಿರಿ.

ಪ್ರಶ್ನೆ: 18 ಎಂಎಂ ಪ್ಲೈ ಕತ್ತರಿಸಿಟ್ಟಿದ್ದೇವೆ. ಮೆಟ್ಟಿಲ ಬಾಗಿಲಲ್ಲಿ ಒಳಗೇ ಹೋಗುತ್ತಿಲ್ಲ. ಡೆಕ್ ಕತ್ತರಿಸಬೇಕೆ?
— ಜೆ.ಪಿ. ನಗರದ ಓದುಗರು

ಉತ್ತರ: ಡೆಕ್ ಮುಟ್ಟಬೇಡಿ. 18ರ ಒಂದು ಹಾಳೆಯ ಬದಲು 9ರ ಎರಡು ಪದರ ಮಾಡಿ. ಪ್ರತಿ ಪದರವನ್ನೂ ಬಾಗಿಲಲ್ಲಿ ಹಿಡಿಸುವಷ್ಟು ತುಂಡು ಮಾಡಿ ಒಳಗೆ ಒಯ್ದು ಅಲ್ಲೇ ಒಂದಕ್ಕೊಂದು ಅಂಟಿಸಿ. ಒಂದು ಪದರದ ಜೋಡಣೆ ಇನ್ನೊಂದರ ಜೋಡಣೆಯಿಂದ ಕನಿಷ್ಠ 200 ಎಂಎಂ ದೂರವಿರಲಿ, ಚೈನ್‌ಪ್ಲೇಟ್ ಬೋಲ್ಟ್ ಇರುವ ಜಾಗದಲ್ಲಿ ಎರಡೂ ಪದರ ಅಖಂಡವಾಗಿರಲಿ. ಎರಡು ಮುಖಕ್ಕೂ ಮೊದಲು ಬರಿ ಎಪಾಕ್ಸಿ, ಮರ ಕುಡಿದ ಮೇಲೆ ಒಂದು ಮುಖಕ್ಕೆ ಏರೋಸಿಲ್ ಪುಡಿ (ನಯವಾದ ಸಿಲಿಕಾ) ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತಂದ ಎಪಾಕ್ಸಿ. ಆರೇಳು ಇಂಚಿಗೊಂದು ಸ್ಕ್ರೂ ವಾಷರ್ ಹಾಕಿ ಬಿಗಿದರೆ ಕ್ಲ್ಯಾಂಪ್ ಬೇಡ; ವಾಷರ್ ಕೆಳಗೆ ಪ್ಲಾಸ್ಟಿಕ್ ಹಾಳೆ ಇಡಿ, ಗಟ್ಟಿಯಾದ ಮೇಲೆ ಸ್ಕ್ರೂ ತೆಗೆದು ತೂತು ತುಂಬಿ. ಅಂಚುಗಳಿಗೆ ಮೂರು ಸಲ ಎಪಾಕ್ಸಿ ಕುಡಿಸಿ, ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ. ಪ್ಲೈನ ತೇವ ಶೇ. 12ಕ್ಕಿಂತ ಹೆಚ್ಚಿದ್ದರೆ ಹಚ್ಚಬೇಡಿ. ಮಾಯಿಶ್ಚರ್ ಮೀಟರ್ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ.

ಪ್ರಶ್ನೆ: ಫೈಬರ್ ಸಾಮಾನಿನ ಅಂಗಡಿಯಲ್ಲಿ ಜಿಪಿ ರೆಸಿನ್ (ಸಾಮಾನ್ಯ ಬಳಕೆಯ ಪಾಲಿಯೆಸ್ಟರ್), ಒಂದು ಬಾಟಲಿ ನೇರಳೆ ಬಣ್ಣದ ಕೋಬಾಲ್ಟ್, ಒಂದು ಬಾಟಲಿ ನೀರಿನಂಥ ಕ್ಯಾಟಲಿಸ್ಟ್, ಜೊತೆಗೆ 450ರ ಮ್ಯಾಟ್ (ತುಂಡು ಗಾಜಿನ ಎಳೆಗಳ ಹಾಸು) ಕೊಟ್ಟಿದ್ದಾರೆ. ವಾಟರ್ ಟ್ಯಾಂಕಿಗೆ ಇದನ್ನೇ ಹಾಕುತ್ತೇವೆ ಎಂದರು. ಇದೇ ಸಾಕೆ? ಎಪಾಕ್ಸಿ ದುಬಾರಿ.
— ದಾಸರಹಳ್ಳಿಯ ಓದುಗರು

ಉತ್ತರ: ಮೊದಲು ಆ ಎರಡು ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ. ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ನೇರವಾಗಿ ಸೇರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಎರಡಕ್ಕೂ ಒಂದೇ ಅಳತೆ ಲೋಟ, ಒಂದೇ ಕಡ್ಡಿ ಬಳಸುವುದೂ ಅಪಾಯ. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಮಾತ್ರ ಕ್ಯಾಟಲಿಸ್ಟ್, ರೆಸಿನ್‌ನ ತೂಕದ ಶೇ. 1ರಿಂದ 2ರಷ್ಟು. ಕ್ಯಾಟಲಿಸ್ಟ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಸುರಕ್ಷಾ ಕನ್ನಡಕ ಹಾಕದೆ ಮುಚ್ಚಳ ತೆಗೆಯಬೇಡಿ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಕಿ, ನೇರ ಕಣ್ಣಾಸ್ಪತ್ರೆಗೆ ಹೋಗಿ.

ಈಗ ನಿಮ್ಮ ಪ್ರಶ್ನೆ. ಟ್ಯಾಂಕಿನಲ್ಲಿ ಪದರದ ಮೇಲೆ ಪದರ ಹಸಿಯಾಗಿರುವಾಗಲೇ ಕೂರುತ್ತದೆ, ಎಲ್ಲ ಒಂದೇ ಆಗಿ ಗಟ್ಟಿಯಾಗುತ್ತದೆ. ನಿಮ್ಮ ದೋಣಿಯ ಒಡಲು ದಶಕಗಳ ಹಿಂದೆಯೇ ಗಟ್ಟಿಯಾಗಿದೆ. ಹೊಸ ರೆಸಿನ್ ಅದರೊಂದಿಗೆ ರಾಸಾಯನಿಕವಾಗಿ ಬೆರೆಯುವುದಿಲ್ಲ, ಉಜ್ಜಿದ ಗೀರುಗಳನ್ನು ಕಚ್ಚಿ ಹಿಡಿಯುತ್ತದೆ ಅಷ್ಟೆ. ಹೀಗೆ ಕಚ್ಚುವುದರಲ್ಲಿ, ಅದರಲ್ಲೂ ಮರವನ್ನು ಕಚ್ಚುವುದರಲ್ಲಿ, ಎಪಾಕ್ಸಿ ಪಾಲಿಯೆಸ್ಟರ್‌ಗಿಂತ ಬಹಳ ಮೇಲು. ಇಡೀ ಕೆಲಸದಲ್ಲಿ ಹಲಗೆ ಬದಲಿಸುವುದು ಸುಲಭದ ಭಾಗ. ದೋಣಿಯ ಆಯುಷ್ಯ ನಿಂತಿರುವುದು ಆ ಬೆಸುಗೆಯ ಮೇಲೆ. ಉಳಿತಾಯ ಬೇರೆ ಎಲ್ಲಾದರೂ ಮಾಡಿ, ಇಲ್ಲಿ ಬೇಡ.

ಎಪಾಕ್ಸಿ ಎಂದರೆ ಅದಕ್ಕೆ ತಕ್ಕ ಬಟ್ಟೆಯೂ ಬೇಕು. 450ರ ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಮ್ಯಾಟ್ ಬಿರುಸಾಗಿಯೇ ಉಳಿದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. 600 ಜಿಎಸ್‌ಎಂನ (ಚದರ ಮೀಟರ್‌ಗೆ 600 ಗ್ರಾಂ ತೂಗುವ) ಹೊಲಿದ ಬೈಆಕ್ಸಿಯಲ್ ಬಟ್ಟೆ ಕೇಳಿ, ಎಳೆಗಳು 45 ಡಿಗ್ರಿಯಲ್ಲಿ ಎರಡೂ ಕಡೆಗೆ ಓಡುವಂಥದು. ಅದನ್ನು ರೋಲ್‌ನ ಉದ್ದಕ್ಕೇ ಪಟ್ಟಿ ಮಾಡಿದರೆ ಪ್ರತಿ ಎಳೆಯೂ ಮೂಲೆಯನ್ನು ದಾಟಿ ಗೋಡೆಯಿಂದ ಒಡಲಿಗೆ ಹೋಗುತ್ತದೆ. ಸಾದಾ ನೇಯ್ಗೆಯ ರೋವಿಂಗ್ ಪಟ್ಟಿಯಲ್ಲಿ ಅರ್ಧ ಎಳೆಗಳು ಮೂಲೆಯ ಉದ್ದಕ್ಕೇ ಸುಮ್ಮನೆ ಮಲಗಿರುತ್ತವೆ.

ಇಲ್ಲಿ ಸುಲಭವಾಗಿ ಸಿಗುವ ಎಪಾಕ್ಸಿಗಳು ಲಾಪಾಕ್ಸ್ ಎಲ್-12 ಜೊತೆ ಕೆ-6, ಅರಾಲ್ಡೈಟ್ ಎಲ್‌ವೈ 556 ಜೊತೆ ಎಚ್‌ವೈ 951. ಎರಡಕ್ಕೂ ತೂಕದಲ್ಲಿ 100ಕ್ಕೆ 10 ಹಾರ್ಡ್‌ನರ್. ಅಂದಾಜಿಗೆ ಸುರಿಯುವಂತಿಲ್ಲ, ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಜಾಸ್ತಿ ಹಾಕುವ ಅಭ್ಯಾಸ ಪಾಲಿಯೆಸ್ಟರ್ ಕೆಲಸದವರಿಗೆ ಇರುತ್ತದೆ. ಎಪಾಕ್ಸಿಯಲ್ಲಿ ಜಾಸ್ತಿಯಾದರೂ ಕಡಿಮೆಯಾದರೂ ಅದು ಮೆತ್ತಗೇ ಉಳಿಯುತ್ತದೆ. ಒಂದು ಸಲಕ್ಕೆ 250 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ. ಆಳದ ಲೋಟದಲ್ಲಿ ಬಿಟ್ಟರೆ ತನ್ನ ಶಾಖಕ್ಕೆ ತಾನೇ ಕುದಿದು ಹೊಗೆಯಾಡುತ್ತದೆ.

ಪ್ರಶ್ನೆ: ಬೆಸೆಯುವ ಕ್ರಮವನ್ನು ಮೊದಲಿಂದ ಕೊನೆವರೆಗೆ ತಿಳಿಸಿ. ಬಲ್ಕ್‌ಹೆಡ್ ಒಡಲಿಗೆ ಗಟ್ಟಿಯಾಗಿ ತಾಗಿರಬೇಕಲ್ಲವೆ? ಸಂದು ಬಿಡಿ ಎನ್ನುವುದು ಯಾಕೆ?
— ವಿಜಯನಗರದ ಓದುಗರು

ಉತ್ತರ: ತಾಗಲೇಬಾರದು. ಒಡಲಿನ ಚರ್ಮ ನೀರಿನ ಹೊಡೆತಕ್ಕೆ ಕೊಂಚ ಕೊಂಚ ಬಾಗುತ್ತಿರುತ್ತದೆ. ಪ್ಲೈನ ಗಡಸು ಅಂಚು ಒಂದೇ ಗೆರೆಯಲ್ಲಿ ಒತ್ತಿದ್ದರೆ ಬಾಗುವಿಕೆಯೆಲ್ಲ ಆ ಗೆರೆಗೇ ಬಂದು ಸೇರುತ್ತದೆ. ಹೊರಗಿನಿಂದ ನೋಡಿದರೆ ಅಲ್ಲೊಂದು ಉಬ್ಬು, ಕ್ರಮೇಣ ಜೆಲ್‌ಕೋಟ್‌ನಲ್ಲಿ (ಹೊರಮೈಯ ಹೊಳಪು ಪದರದಲ್ಲಿ) ಕೂದಲೆಳೆ ಬಿರುಕು, ಕೊನೆಗೆ ಒಡಲಿನ ಪದರವೇ ದಣಿದು ಸೀಳುತ್ತದೆ. ಆದ್ದರಿಂದ 8 ಎಂಎಂ ಸಂದು ಬಿಟ್ಟು ಅದರಲ್ಲಿ ಫೋಮ್ ಪಟ್ಟಿ ಇಡುವುದು. ಪಿವಿಸಿ ಫೋಮ್ ಸಿಕ್ಕರೆ ಒಳ್ಳೆಯದು. ಎಪಾಕ್ಸಿ ಬಳಸುವವರಿಗೆ ಥರ್ಮೋಕೋಲ್ ಕೂಡ ನಡೆಯುತ್ತದೆ, ಇಲ್ಲಿ ಅದು ಭಾರ ಹೊರುವುದಿಲ್ಲ, ಜಾಗ ಹಿಡಿದಿಡುತ್ತದೆ ಅಷ್ಟೆ. ಪಾಲಿಯೆಸ್ಟರ್ ಆದರೆ ಸ್ಟೈರೀನ್ ತಾಗಿ ಥರ್ಮೋಕೋಲ್ ಕರಗಿ ಮಾಯವಾಗುತ್ತದೆ.

ಒಡಲಿನ ತಯಾರಿಯಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ಅಸಿಟೋನ್, ಆಮೇಲೆ ಗ್ರೈಂಡರ್. ಹಳೆಯ ಒಡಲಿನ ಒಳಮೈಯಲ್ಲಿ ಮೇಣ, ಡೀಸೆಲ್ ಪಸೆ ಇರುತ್ತದೆ. ಒರೆಸದೆ ಉಜ್ಜಿದರೆ ಅದನ್ನೇ ಗೀರುಗಳೊಳಗೆ ತಿಕ್ಕಿ ಕೂರಿಸಿದಂತೆ. ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಕೊಳೆ ಅಂಟದವರೆಗೂ ಹೊಸ ಬಟ್ಟೆ ತೆಗೆದುಕೊಳ್ಳಿ. ಆಮೇಲೆ 36 ಅಥವಾ 40ರ ಡಿಸ್ಕ್‌ನಿಂದ ಗೋಡೆಯ ಎರಡೂ ಬದಿಗೆ 150 ಎಂಎಂ ಅಗಲಕ್ಕೆ ಬಣ್ಣ, ಉಳಿಸಿಕೊಳ್ಳದ ಹಳೆಯ ಪಟ್ಟಿಯ ಚೂರು ಎಲ್ಲ ತೆಗೆಯಿರಿ. ಫೈಬರ್‌ನ ಎಳೆ ಸ್ವಚ್ಛವಾಗಿ, ಮಂಕಾಗಿ, ಹೊಳಪಿಲ್ಲದೆ ಕಂಡ ಕೂಡಲೇ ನಿಲ್ಲಿಸಿ. ಇನ್ನೂ ಕೆರೆದರೆ ಒಡಲೇ ತೆಳುವಾಗುತ್ತದೆ. ಧೂಳನ್ನು ವ್ಯಾಕ್ಯೂಮ್‌ನಿಂದ ತೆಗೆದು ಒಮ್ಮೆ ಒಣ ಬ್ರಷ್ ಆಡಿಸಿ. ಈ ಕೆಲಸಕ್ಕೆ ಬಟ್ಟೆಯ ಮಾಸ್ಕ್ ಸಾಲದು. ಧೂಳಿನ ಫಿಲ್ಟರ್, ಆವಿ ತಡೆಯುವ ಕಾರ್ಟ್‌ರಿಜ್ ಎರಡೂ ಇರುವ ಅರ್ಧಮುಖದ ಮಾಸ್ಕ್ ತೊಡಿ. ಮುಂದಿನ ಹ್ಯಾಚ್‌ಗೆ ಎಕ್ಸಾಸ್ಟ್ ಫ್ಯಾನ್ ಇಟ್ಟು ಹಿಂದಿನಿಂದ ಗಾಳಿ ಬರಲಿ. ಅಸಿಟೋನ್ ಬಳಸುವ ಹೊತ್ತಿನಲ್ಲಿ ಮಾತ್ರ ಕಿಡಿ ಹಾರುವ ಯಾವುದೂ ಒಳಗೆ ಬೇಡ.

ಗೋಡೆಯನ್ನು ಗುರುತಿಗೆ ಸರಿಯಾಗಿ ನಿಲ್ಲಿಸಿ, ರೀಪರ್ ಊರಿ, ಬರೆದಿಟ್ಟ ಅಳತೆ ಮತ್ತೆ ನೋಡಿ. ಚೈನ್‌ಪ್ಲೇಟ್ ಹಾಕಿ ತೂತುಗಳು ಸೇರುತ್ತವೆಯೇ ಎಂದೂ ಈಗಲೇ ನೋಡಿ. ಆರು ಇಂಚಿಗೊಂದು ಕಡೆ ದಪ್ಪ ಎಪಾಕ್ಸಿಯ ಚುಕ್ಕೆ ಇಟ್ಟು ರಾತ್ರಿ ಬಿಡಿ. ಮರುದಿನ ಗೋಡೆ ಒಡಲು ಸೇರುವ ಮೂಲೆಗೆ ಬರಿ ಎಪಾಕ್ಸಿ ಸವರಿ, ಅದರ ಮೇಲೆ ಪುಟ್ಟಿಯ ದುಂಡು ಮೂಲೆ ಕಟ್ಟಿ, ಸುಮಾರು 15 ಎಂಎಂ ತ್ರಿಜ್ಯ. ಪುಟ್ಟಿಗೆ ಏರೋಸಿಲ್ ಮತ್ತು ಜರಡಿ ಹಿಡಿದ ಮರದ ಹಿಟ್ಟು. ನಿಂತ ಗೋಡೆಗೆ ಹಚ್ಚಿದರೆ ಜಾರಬಾರದು, ಅದು ಹದ. ಸೀಮೆಸುಣ್ಣದ ಪುಡಿಯ ಪುಟ್ಟಿ ಬೇಡ, ಅದು ಪುಡಿಪುಡಿಯಾಗಿ ಒಡೆಯುತ್ತದೆ. ದುಂಡು ಮೂಲೆ ಯಾಕೆಂದರೆ ಗಾಜಿನ ಎಳೆ ಚೂಪು ಮೂಲೆಯಲ್ಲಿ ಮಡಚುವುದಿಲ್ಲ. ಹಿಂದೆ ಗಾಳಿಯ ಕೊಳವೆ ಉಳಿಯುತ್ತದೆ, ಪಟ್ಟಿ ಬಿಟ್ಟುಕೊಳ್ಳುವುದು ಅಲ್ಲಿಂದಲೇ.

ಪುಟ್ಟಿ ಬೆರಳಿಗೆ ಅಂಟದೆ, ಉಗುರು ಒತ್ತಿದರೆ ಗುರುತು ಬೀಳುವ ಹಂತಕ್ಕೆ ಬಂದಾಗ ಫೈಬರ್ ಹಾಕಲು ಸರಿಯಾದ ಸಮಯ. ಆಗ ಪದರಗಳು ರಾಸಾಯನಿಕವಾಗಿಯೇ ಸೇರುತ್ತವೆ, ನಡುವೆ ಉಜ್ಜುವ ಕೆಲಸವಿಲ್ಲ. ಪಟ್ಟಿಗಳು ಮೂರು: 100, 150, 200 ಎಂಎಂ ಅಗಲ, ಅರ್ಧ ಗೋಡೆಗೆ ಅರ್ಧ ಒಡಲಿಗೆ. ಕಿರಿದು ಮೊದಲು, ಅಗಲದ್ದು ಕೊನೆಗೆ. ಹೀಗೆ ಮಾಡಿದರೆ ಪ್ರತಿ ಪದರದ ಅಂಚೂ ಹೊಸ ಜಾಗದಲ್ಲಿ ಒಡಲನ್ನೇ ಹಿಡಿಯುತ್ತದೆ. ಮೂರೂ ಸೇರಿ ಸುಮಾರು 2 ಎಂಎಂ ದಪ್ಪ ಬರುತ್ತದೆ. ಪಟ್ಟಿಯನ್ನು ಪ್ಲಾಸ್ಟಿಕ್ ಹಾಸಿದ ಹಲಗೆಯ ಮೇಲೆ ಮೊದಲೇ ನೆನೆಸಿ, ಪಿವಿಸಿ ಪೈಪ್ ತುಂಡಿಗೆ ಸುತ್ತಿಕೊಂಡು ಹೋಗಿ ಬಿಚ್ಚುತ್ತ ಅಂಟಿಸಿ. ಡೆಕ್‌ನ ಅಡಿಗೆ ಹಾಕುವಾಗ ಬೇರೆ ದಾರಿಯೇ ಇಲ್ಲ. ಒಂದು ಪಟ್ಟಿ ಒಂದೂವರೆ ಮೀಟರ್‌ಗಿಂತ ಉದ್ದ ಬೇಡ, ಸೇರುವಲ್ಲಿ 50 ಎಂಎಂ ಒಂದರ ಮೇಲೊಂದು ಬರಲಿ. ಮೈಮೇಲೆ ಸಾಲು ಗೀರುಗಳಿರುವ ರೋಲರ್‌ನಿಂದ ಮೂಲೆಯಿಂದ ಹೊರಕ್ಕೆ ಉರುಳಿಸಿ. ಬಿಳಿ ಚುಕ್ಕೆ ಎಂದರೆ ಗಾಳಿ, ಹೊಳೆಯುವ ಮಡು ಎಂದರೆ ರೆಸಿನ್ ಜಾಸ್ತಿ.

ಕೊನೆಯಲ್ಲಿ ಪೀಲ್ ಪ್ಲೈ (ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ಬಟ್ಟೆ) ಹಾಸಿದರೆ ಮೇಲ್ಮೈ ಒರಟಾಗಿ ಬರುತ್ತದೆ, ಮುಂದೆ ಬಣ್ಣಕ್ಕೆ ಅನುಕೂಲ. ಹಾಸದಿದ್ದರೆ ಮಳೆಗಾಲದ ತೇವಕ್ಕೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಏಳುತ್ತದೆ. ಅದು ಕರಗುವುದು ನೀರಿಗೆ. ಬರಿ ನೀರು, ಸ್ಕಾಚ್‌ಬ್ರೈಟ್ ಹಾಕಿ ತೊಳೆದು, ಆರಿದ ಮೇಲೆ ಉಜ್ಜಿ. ತೊಳೆಯದೆ ಮೇಲೆ ಇನ್ನೊಂದು ಪದರ ಹಾಕಿದರೆ ಅದು ಸಿಪ್ಪೆಯಾಗಿ ಬರುತ್ತದೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಕೆಳಗೆ ನೀರು ಹರಿಯುವ ತೂತು ಬಿಡುವುದನ್ನು ಮರೆಯಬೇಡಿ. ಅದರೊಳಗೆ ಪೈಪ್ ತುಂಡು ಎಪಾಕ್ಸಿಯಲ್ಲಿ ಕೂರಿಸಿ, ಪ್ಲೈನ ಅಂಚು ಬೆತ್ತಲೆ ಉಳಿಯದಿರಲಿ.

ಪ್ರಶ್ನೆ: 26 ಅಡಿಯ ದೋಣಿಯ ಮುಖ್ಯ ಬಲ್ಕ್‌ಹೆಡ್ ಎರಡೂ ಅರ್ಧಕ್ಕೆ ಸಾಮಾನು ಎಷ್ಟು ತರಬೇಕು?
— ಬನಶಂಕರಿಯ ಓದುಗರು

ಉತ್ತರ: ಒಂದೊಂದು ಅರ್ಧ ಸುಮಾರು 0.9 ಮೀಟರ್ ಅಗಲ, 1.4 ಮೀಟರ್ ಎತ್ತರ, ಬೆಸೆಯುವ ಅಂಚು ಸುಮಾರು 3 ಮೀಟರ್ ಎಂದುಕೊಂಡರೆ, ಎರಡು ಮುಖ, ಎರಡು ಅರ್ಧ ಸೇರಿ 12 ಮೀಟರ್ ಮೂಲೆ. ಮೂರು ಪಟ್ಟಿಯ ಅಗಲ ಕೂಡಿದರೆ 450 ಎಂಎಂ, ಹಾಗಾಗಿ 5.4 ಚದರ ಮೀಟರ್ ಬಟ್ಟೆ. 1.27 ಮೀಟರ್ ಅಗಲದ ರೋಲ್‌ನಿಂದ 5 ಮೀಟರ್ ತನ್ನಿ. ಬಟ್ಟೆ ಸುಮಾರು 3.3 ಕಿಲೋ, ಕೈಯಲ್ಲಿ ಹಾಕುವಾಗ ಅಷ್ಟೇ ತೂಕದ ಎಪಾಕ್ಸಿ. ಪ್ಲೈಗೆ ಕುಡಿಸಲು ಒಂದೂವರೆ ಕಿಲೋ, ಎರಡು ಪದರ ಅಂಟಿಸಲು ಮುಕ್ಕಾಲು ಕಿಲೋ, ಪುಟ್ಟಿಗೆ ಅರ್ಧ ಕಿಲೋ. ಲೋಟದಲ್ಲಿ, ರೋಲರ್‌ನಲ್ಲಿ ಉಳಿಯುವುದನ್ನೂ ಸೇರಿಸಿ ಹಾರ್ಡ್‌ನರ್ ಸಮೇತ ಏಳೂವರೆ ಕಿಲೋ ಇರಲಿ. 9 ಎಂಎಂ ಪ್ಲೈ 3 ಹಾಳೆ. ಅಸಿಟೋನ್ 3 ಲೀಟರ್. ಕೈಗವಸು ನೈಟ್ರೈಲ್‌ನದು ಒಂದು ಡಬ್ಬಿ. ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಶುರುವಾದರೆ ಮತ್ತೆ ಎಪಾಕ್ಸಿ ಮುಟ್ಟುವಂತಿಲ್ಲ. ಕೈಗೆ ಅಂಟಿದ್ದನ್ನು ಅಸಿಟೋನ್‌ನಲ್ಲಿ ತೊಳೆಯಬೇಡಿ, ಅದು ಒಳಕ್ಕೆ ಇಳಿಸುತ್ತದೆ. ಸೋಪು, ನೀರು ಸಾಕು.

ಪ್ರಶ್ನೆ: ಹಳೆಯ ಚೈನ್‌ಪ್ಲೇಟ್ ಸ್ಟೇನ್‌ಲೆಸ್ ಸ್ಟೀಲ್, ನೋಡಲು ಚೆನ್ನಾಗಿದೆ. ಅದನ್ನೇ ಹಾಕಬಹುದೆ?
— ಮಲ್ಲೇಶ್ವರದ ಓದುಗರು

ಉತ್ತರ: ಹೊಳೆಯುವುದು ಹೊರಗೆ ಕಾಣುವ ಭಾಗ. ಡೆಕ್‌ನ ದಪ್ಪದೊಳಗೆ ಹುದುಗಿದ್ದ ಒಂದಿಂಚನ್ನು ನೋಡಿ. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರಲು ಗಾಳಿಯ ಆಮ್ಲಜನಕ ಬೇಕು. ಒದ್ದೆ ಮರದಲ್ಲಿ ಗಾಳಿಯಾಡದೆ ಕೂತರೆ ಅಲ್ಲಿ ಸೂಜಿಮೊನೆಯ ಗುಳಿಗಳು, ಗುಳಿಯಿಂದ ಬಿರುಕು. ಪೀಣ್ಯದ ಮಷೀನ್ ಶಾಪ್‌ಗಳ ಕಡೆ ಡೈ ಪೆನೆಟ್ರಂಟ್ ಪರೀಕ್ಷೆ ಮಾಡುವವರು ಸಿಗುತ್ತಾರೆ: ಕೆಂಪು ಬಣ್ಣ ಹಚ್ಚಿ ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಒಂದೇ ಒಂದು ಗೆರೆ ಕಂಡರೂ 316 ಸ್ಟೀಲ್‌ನಲ್ಲಿ ಹೊಸದು ಮಾಡಿಸಿ. ಬೋಲ್ಟ್ ತಲೆಯ ಮೇಲೆ ಎ4 ಎಂದಿರಬೇಕು, ಎ2 ಆದರೆ ಅದು 304ರ ಜಾತಿ.

ಬೋಲ್ಟ್ 10 ಎಂಎಂ ಆದರೆ ಪ್ಲೈಗೆ 16 ಎಂಎಂ ತೂತು ಹೊಡೆದು, ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 10 ಎಂಎಂ ಕೊರೆಯಿರಿ. ಹೀಗೆ ಮಾಡಿದರೆ ಮುಂದೊಂದು ದಿನ ನೀರು ಬಂದರೂ ಮರಕ್ಕೆ ತಾಗುವುದಿಲ್ಲ. ಡೆಕ್ ಸೀಳಿನಲ್ಲಿಯೂ ಇದೇ ಕ್ರಮ: ಡೆಕ್‌ನ ಎರಡು ಪದರದ ನಡುವಿನ ಬಾಲ್ಸಾ (ಹಗುರ ಮರ) ಅಥವಾ ಪ್ಲೈಯನ್ನು ಸುತ್ತ ಅರ್ಧ ಇಂಚು ಕೆರೆದು ತೆಗೆದು ಎಪಾಕ್ಸಿ ತುಂಬಿ. ಮೇಲಿನ ಮುಚ್ಚಳಕ್ಕೆ ಬ್ಯೂಟೈಲ್ ಟೇಪ್ ಅಥವಾ ಪಾಲಿಸಲ್ಫೈಡ್ ಹಾಕಿ. ಸಿಲಿಕೋನ್ ಬೇಡ, ಅದು ಬಿಟ್ಟ ಜಾಗದಲ್ಲಿ ಮತ್ತೆ ಏನೂ ಅಂಟುವುದಿಲ್ಲ.

ಪ್ರಶ್ನೆ: ನಾವೇ ಮಾಡುವಷ್ಟು ಸಮಯವಿಲ್ಲ. ಫೈಬರ್ ಬಾಗಿಲು, ಟ್ಯಾಂಕ್ ಮಾಡುವ ಪೀಣ್ಯದ ಕೆಲಸಗಾರರಿಗೆ ಕೊಡಬಹುದೆ?
— ನಾಗರಭಾವಿಯ ಓದುಗರು

ಉತ್ತರ: ಕೊಡಬಹುದು. ರೋಲರ್ ಹಿಡಿಯುವ ಕೈ ಅವರದು ನಮಗಿಂತ ಪಳಗಿದ್ದು. ದೋಣಿ ಗೊತ್ತಿಲ್ಲ ಅಷ್ಟೆ. ಹಾಗಾಗಿ ನಾಲ್ಕು ಸಂಗತಿ ಮೊದಲೇ ಬರೆದು ಕೊಡಿ: ಎಪಾಕ್ಸಿ ಮತ್ತು ಹೊಲಿದ ಬಟ್ಟೆ ನೀವೇ ತಂದುಕೊಡುವುದು, ತೂಕ ಮಾಡಿಯೇ ಕಲಸುವುದು, ಗೋಡೆ ಒಡಲಿಗೆ ತಾಗದಂತೆ ಸಂದು ಬಿಡುವುದು, ಉಜ್ಜಿದ ಮೇಲೆ ನೀವು ನೋಡಿ ಒಪ್ಪುವವರೆಗೆ ರೆಸಿನ್ ಮುಟ್ಟದಿರುವುದು. ಉಜ್ಜಿದ ದಿನ ಖುದ್ದಾಗಿ ಹೋಗಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಹೊಳೆಯುವ ಚುಕ್ಕೆ ಕಂಡ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ ಮತ್ತೆ ಉಜ್ಜಿಸಿ. ಒಂದು ತುಂಡು ಪ್ಲೈ ಮೇಲೆ ಅದೇ ರೆಸಿನ್, ಅದೇ ಬಟ್ಟೆಯ ಮಾದರಿ ಹಾಕಿಸಿ, ನಾಲ್ಕು ದಿನ ಬಿಟ್ಟು ಉಳಿ ಹೊಡೆದು ಎಬ್ಬಿಸಿ. ಮರದ ನಾರು ಹರಿದು ಬಂದರೆ ಕೆಲಸ ಶುರು ಮಾಡಿಸಿ. ಬೆಸೆದ ಮೇಲೆ ಒಂದು ವಾರ ಮಾಸ್ಟ್ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೆ ಶ್ರೌಡ್‌ಗಳನ್ನು ಎರಡೂ ಬದಿ ಸಮವಾಗಿ, ಮೂರು ಹಂತದಲ್ಲಿ, ಹಂತಕ್ಕೊಂದು ದಿನ ಬಿಟ್ಟು ಬಿಗಿ ಮಾಡಿ. ಪ್ರತಿ ಹಂತದಲ್ಲೂ ಪಟ್ಟಿಯ ಅಂಚಿನಲ್ಲಿ ಬೆರಳಾಡಿಸಿ, ಎಲ್ಲೂ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಮುಂದುವರಿಯಿರಿ.